ಅಪ್ಪನ ಫೋನಲ್ಲಿ ಮಗಳ ಹೋಂವರ್ಕ್

ರಾತ್ರಿ ಎಂಟೂವರೆ. ಅಪ್ಪ ಕೆಲಸ ಮುಗಿಸಿ ಬರುವುದನ್ನೇ ಕಾದಿದ್ದ ಏಳನೇ ತರಗತಿಯ ಹುಡುಗಿ ಅವರ ಫೋನ್ ತೆಗೆದುಕೊಂಡು ಮೂಲೆಯಲ್ಲಿ ಕೂರುತ್ತಾಳೆ. ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಮಿಸ್ ಹಾಕಿದ ಲೆಕ್ಕಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಬೇಕು. ಎರಡು ಲೆಕ್ಕ ಬರೆಯುವಷ್ಟರಲ್ಲಿ ಗೊತ್ತಿಲ್ಲದ ನಂಬರಿನಿಂದ ಮೆಸೇಜು: ‘ಹಾಯ್, ಊಟ ಆಯ್ತಾ?’

ಅಪ್ಪನ ನಂಬರ್ ಮೆಸೇಜು ಕಳಿಸಿದವನಿಗೆ ಎಲ್ಲಿ ಸಿಕ್ಕಿತು? ಅದೇ ಗ್ರೂಪಿನಲ್ಲಿ. ಹೆಸರಿಗೆ ಮಕ್ಕಳ ಗ್ರೂಪು; ಅಲ್ಲಿರುವುದು ಅಪ್ಪಂದಿರ, ಅಣ್ಣಂದಿರ, ಚಿಕ್ಕಪ್ಪಂದಿರ ಫೋನುಗಳು. ನಲವತ್ತು ಮನೆಯ ನಂಬರು ನಲವತ್ತು ಮನೆಗೂ ಕಾಣುತ್ತದೆ. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಬೇರೆ ದಾರಿ ಇರಲಿಲ್ಲ, ಒಪ್ಪೋಣ. ಬಾಗಿಲು ತೆರೆದ ಮೇಲೂ ಅದೇ ಅಭ್ಯಾಸ ಏಕೆ ಉಳಿಯಬೇಕು? ಟೀಚರ್ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿಕೊಂಡರೆ ಹೋಂವರ್ಕ್ ಎಲ್ಲರಿಗೂ ತಲುಪುತ್ತದೆ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಪಾಲಕರು ಟೀಚರ್ ನಂಬರನ್ನು ಸೇವ್ ಮಾಡಿಕೊಂಡಿದ್ದರೆ ಸಾಕು.

ಹೋಂವರ್ಕನ್ನು ಕ್ಲಾಸಿನಲ್ಲೇ ಬರೆಸಿ ಕಳಿಸಿದರೆ ಇನ್ನೂ ಒಳ್ಳೆಯದು.

ಶಾಲೆಗಳಿಗೆ ಮಾತಾಡಲು ಹೋದಾಗಲೆಲ್ಲ ಮಕ್ಕಳನ್ನು ಒಂದು ಪ್ರಶ್ನೆ ಕೇಳುತ್ತೇನೆ: ‘ಹೀಗೆ ಯಾರಾದರೂ ಕಾಡಿದರೆ ಮನೇಲಿ ಹೇಳ್ತೀರಾ?’ ಮೊದಲು ಎಲ್ಲರೂ ಒಟ್ಟಿಗೆ ‘ಹೇಳ್ತೀವಿ’ ಎನ್ನುತ್ತಾರೆ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಹಿಂದಿನ ಬೆಂಚಿನಿಂದ ನಿಜ ಹೊರಬರುತ್ತದೆ. ‘ಹೇಳಿದ್ರೆ ಫೋನ್ ಕಿತ್ಕೋತಾರೆ ಸರ್.’ ಹುಡುಗಿಯೊಬ್ಬಳು ತಲೆ ತಗ್ಗಿಸಿಕೊಂಡು ಹೇಳಿದ್ದು ಇನ್ನೂ ಕಿವಿಯಲ್ಲಿದೆ: ‘ನನ್ನನ್ನ ಸ್ಕೂಲೇ ಬಿಡಿಸ್ತಾರೆ.’

ಕಾಡುವವನ ಬಲವೆಲ್ಲ ಈ ಭಯದಲ್ಲಿದೆ. ಮೊದಲು ಸ್ನೇಹ, ಆಮೇಲೆ ಒಂದು ಫೋಟೊ, ಆಮೇಲೆ ‘ನಿಮ್ಮಪ್ಪನಿಗೆ ಕಳಿಸ್ತೀನಿ’ ಎಂಬ ಬೆದರಿಕೆ. ಅಪ್ಪ ಬೈಯುವುದಿಲ್ಲ ಎಂಬ ನಂಬಿಕೆ ಮಗುವಿಗೆ ಇದ್ದರೆ ಆ ಬೆದರಿಕೆ ನಡೆಯುವುದೇ ಇಲ್ಲ. ಹಾಗಾಗಿ ಪಾಲಕರ ಸಭೆಗಳಲ್ಲಿ ‘ಮಕ್ಕಳಿಗೆ ಫೋನ್ ಕೊಡಲೇಬೇಡಿ’ ಎಂಬ ಮಾತಿಗೆ ಚಪ್ಪಾಳೆ ಬಿದ್ದಾಗ ನನಗೆ ಸಂಕಟವಾಗುತ್ತದೆ. ಮಕ್ಕಳು ಫೋನ್ ಬಿಡುವುದಿಲ್ಲ, ನಮಗೆ ಹೇಳುವುದನ್ನು ಬಿಡುತ್ತಾರೆ.

ಮಗು ಹೇಳಿದ ಮೇಲೆ ನಾವು ಮಾಡುವ ತಪ್ಪುಗಳೂ ಇವೆ. ಸಿಟ್ಟಿನಲ್ಲಿ ಎಲ್ಲವನ್ನೂ ಡಿಲೀಟ್ ಮಾಡಿಬಿಡುತ್ತೇವೆ, ಸಾಕ್ಷ್ಯ ಹೋಗುತ್ತದೆ. ಇಲ್ಲವೇ ‘ನೋಡಿ ಸರ್, ಏನಾಗಿದೆ’ ಎಂದು ಆ ಚಿತ್ರವನ್ನೇ ನಾಲ್ಕು ಜನಕ್ಕೆ ಕಳಿಸುತ್ತೇವೆ. ಮಕ್ಕಳ ಅಶ್ಲೀಲ ಚಿತ್ರ ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ಪ್ರಕಾರ ಅಪರಾಧ. ಅದನ್ನು ಇಟ್ಟುಕೊಳ್ಳುವುದನ್ನೂ ಹಗುರವಾಗಿ ಕಾಣುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಫೋನನ್ನು ಇದ್ದ ಹಾಗೇ ಪೊಲೀಸರಿಗೆ ತೋರಿಸಿ, ಬೇರೆ ಯಾರಿಗೂ ಬೇಡ.

ಶಾಲೆಯ ಮರ್ಯಾದೆ ಎಂದು ಮುಚ್ಚಿಡಲು ಹೊರಡುವ ಮುಖ್ಯ ಶಿಕ್ಷಕರಿಗೂ ಒಂದು ಮಾತು. ಮಗುವಿನ ಮೇಲಿನ ಲೈಂಗಿಕ ಅಪರಾಧ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸದಿರುವುದು 2012ರ ಪೋಕ್ಸೊ ಕಾಯ್ದೆಯಲ್ಲಿ ಶಿಕ್ಷಾರ್ಹ. ಪದೇ ಪದೇ ಫೋನ್, ಮೆಸೇಜ್ ಮಾಡಿ ಲೈಂಗಿಕ ಉದ್ದೇಶದಿಂದ ಮಗುವಿನ ಬೆನ್ನು ಬೀಳುವುದೂ ಅದೇ ಕಾಯ್ದೆಯಡಿ ಅಪರಾಧ. ರಾಜಿ ಪಂಚಾಯಿತಿಗೆ ಇಲ್ಲಿ ಜಾಗವಿಲ್ಲ.

ವಾರ್ಷಿಕೋತ್ಸವದ ಫೋಟೊಗಳನ್ನು ಮಕ್ಕಳ ಹೆಸರು, ತರಗತಿ ಸಮೇತ ಫೇಸ್‌ಬುಕ್‌ಗೆ ಹಾಕುವ ಉತ್ಸಾಹವನ್ನೂ ಬಿಡಬೇಕು. ಮುಖವೊಂದು ಸಿಕ್ಕರೆ ನಕಲಿ ಚಿತ್ರ ಮಾಡುವುದು ಈಗ ನಿಮಿಷಗಳ ಕೆಲಸ.

ಶಿಕ್ಷಕರೇ, ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಗೆ ಇಷ್ಟು ಹೇಳಿ: ‘ಏನೇ ಆಗಿರಲಿ, ನನ್ನ ಹತ್ತಿರ ಬನ್ನಿ, ಬೈಯಲ್ಲ.’ ಕರಿಹಲಗೆಯ ಮೂಲೆಯಲ್ಲಿ 1098 ಎಂದು ಬರೆದು, ಅಳಿಸದೆ ಬಿಡಿ. ಅದು ಮಕ್ಕಳ ಸಹಾಯವಾಣಿ. ಹಗಲು ರಾತ್ರಿ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ.