ಹೊಸದಾಗಿ ತಂದ ಮೊಲ: ಕಚ್ಚುವುದೇಕೆ, ನಾರುವುದೇಕೆ?

ಮೊಲ ಸಾಕಲು ತೊಡಗಿದವರಿಂದ ಮೊದಲ ವಾರವೇ ಎರಡು ದೂರು ಕೇಳಿಬರುತ್ತವೆ: ಕಚ್ಚುತ್ತದೆ, ನಾರುತ್ತದೆ.

ಮೊಲದ ಮೈ ನಾರುವುದಿಲ್ಲ; ಬೆಳೆದ ಗಂಡು ಮೂತ್ರ ಸಿಡಿಸುವುದೊಂದುಂಟು. ನಾರುವುದು ಗೂಡಿನಡಿ ನಿಂತ ಮೂತ್ರ. ಅದರಿಂದೇಳುವ ಅಮೋನಿಯಾ ಅನಿಲ ಮೂಗು, ಶ್ವಾಸಕೋಶಗಳನ್ನು ಕೆರಳಿಸಿ ಸೀನು, ನ್ಯುಮೋನಿಯಾಗಳಿಗೆ ಎಡೆಮಾಡುತ್ತದೆ. ಬಾಗಿ, ಗೂಡಿನ ಮಟ್ಟದಲ್ಲಿ ಮೂಸಿ ನೋಡಬೇಕು. ಸಾಕುವವನ ಕಣ್ಣು ಉರಿದರೆ ಮೊಲಕ್ಕೆ ಆಗಲೇ ತೊಂದರೆಯಾಗಿದೆಯೆಂದು ತಿಳಿಯಬೇಕು. ಹಿಕ್ಕೆ, ಮೂತ್ರ ದಿನವೂ ತೆಗೆದು ನೆಲ ಒಣಗಿಸಬೇಕು, ಗಾಳಿ ಆಡುವಂತಿರಬೇಕು. ವಾಸನೆಗೆಂದು ಸುಣ್ಣ ಎರಚುವವರಿದ್ದಾರೆ. ಹಸಿ ಹಿಕ್ಕೆಗೆ ಸುಣ್ಣ ಬಿದ್ದರೆ ಅಮೋನಿಯಾ ಇನ್ನೂ ಹೆಚ್ಚು ಏಳುತ್ತದೆ! ಗೂಡಿನಡಿಯ ಗೊಬ್ಬರಕ್ಕೆ ಸೂಪರ್ ಫಾಸ್ಫೇಟ್ ಬೆರೆಸುವುದು ಮೇಲು, ಸಾರಜನಕವೂ ಉಳಿಯುತ್ತದೆ.

ಕಚ್ಚುವುದು ಹೆದರಿಕೆಯಿಂದ. ಹೊಸ ಮೊಲವನ್ನು ಬೇರೆಯೇ ಗೂಡಿನಲ್ಲಿಟ್ಟು, ಹಿಂದಿನ ಮೇವನ್ನೇ ಕೊಡುತ್ತ ನಿಧಾನವಾಗಿ ಬದಲಿಸಬೇಕು. ನಾಯಿಯನ್ನು ಹತ್ತಿರ ಬಿಡಬಾರದು. ಕಿವಿ ಹಿಡಿದು ಎತ್ತಲೇಬಾರದು. ಹೆಗಲ ಮೇಲಿನ ಸಡಿಲ ಚರ್ಮ ಹಿಡಿದು, ಇನ್ನೊಂದು ಕೈಯಿಂದ ಹಿಂಭಾಗಕ್ಕೆ ಆಸರೆ ಕೊಡಬೇಕು. ಆಸರೆಯಿಲ್ಲದೆ ಒದ್ದಾಡಿದರೆ ಬೆನ್ನುಮೂಳೆ ಮುರಿದು ಹಿಂಗಾಲು ಬಿದ್ದುಹೋಗಬಹುದು.

ಬೆಳೆದ ಗಂಡುಗಳನ್ನು ಒಂದೇ ಗೂಡಿಗೆ ಬಿಟ್ಟರೆ ಕಾದಾಟ ಖಂಡಿತ. ಹೆಣ್ಣು ತನ್ನ ಗೂಡಿಗೆ ಬಂದ ಗಂಡನ್ನೂ ಕಚ್ಚುತ್ತದೆ. ಆದ್ದರಿಂದ ಗರ್ಭಕಟ್ಟಿಸಲು ಹೆಣ್ಣನ್ನೇ ಗಂಡಿನ ಗೂಡಿಗೆ ಒಯ್ಯಬೇಕು.