ಟೈಲ್ಸ್ ನೀರು ಕುಡಿಯುತ್ತದೆಯೇ?

ಅಭ್ಯಾಸ ಬೋಧನೆಯಲ್ಲಿ ಶೇಕಡಾ ಲೆಕ್ಕ ಕಲಿಸಲು ನಾನು ಬಳಸಿದ್ದು ಒಡೆದ ಟೈಲ್ಸ್ ಚೂರುಗಳನ್ನು: ಒಂದು ಗೋಡೆಯದು, ಒಂದು ನೆಲದ ವಿಟ್ರಿಫೈಡ್. ಒಣ ಚೂರನ್ನು ತೂಗಿ, ನೆನೆಸಿ, ಮೇಲಿನ ನೀರು ಒರೆಸಿ ಮತ್ತೆ ತೂಗಬೇಕು. ಹೆಚ್ಚಿದ ತೂಕವನ್ನು ಒಣತೂಕದಿಂದ ಭಾಗಿಸಿ 100ರಿಂದ ಗುಣಿಸಿದರೆ ಹೀರಿಕೆಯ ಪ್ರಮಾಣ ಸಿಗುತ್ತದೆ. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 13006ರಲ್ಲಿ ಅತಿ ಕಡಿಮೆ ಹೀರುವ ಗುಂಪಿಗೆ ಮಿತಿ ಶೇ. 0.5, ಗೋಡೆಯ ಸಾಮಾನ್ಯ ಟೈಲ್ಸ್ ಶೇ. 10ಕ್ಕಿಂತ ಹೆಚ್ಚು ಹೀರುವ ಗುಂಪಿನದು.

"ನಮ್ಮಪ್ಪ ಎಲ್ಲಾ ಟೈಲ್ಸನ್ನೂ ನೆನೆಸೇ ಕೂರಿಸೋದು ಸಾರ್" ಎಂದನು ಒಬ್ಬ ಹುಡುಗ. ಅಪ್ಪನದು ತಪ್ಪು ಎಂದುಬಿಟ್ಟರೆ ಪಾಠ ಅಲ್ಲಿಗೇ ಕೆಟ್ಟಂತೆ. ತಪ್ಪೂ ಅಲ್ಲ. ಸಿಮೆಂಟ್ ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನೊಡನೆ ವರ್ತಿಸಿ. ರಂಧ್ರಗಳಿರುವ ಒಣ ಟೈಲ್ಸ್ ಗಾರೆಯ ನೀರನ್ನೇ ಎಳೆದುಕೊಳ್ಳುತ್ತದೆ. ಅದಕ್ಕೇ ನೆನೆಸುವ ರೂಢಿ. ಬದಲಾಗಿದ್ದು ಟೈಲ್ಸ್. ವಿಟ್ರಿಫೈಡ್‌ನಲ್ಲಿ ಸಿಮೆಂಟ್ ಹಾಲು ಇಳಿಯಲು ರಂಧ್ರಗಳೇ ಇಲ್ಲದಷ್ಟು ಕಡಿಮೆ, ಹಾಗಾಗಿ ಹಿಡಿತ ಸಿಗದು. ನೆನೆಸಿದರೆ ಹಿಂಬದಿಯಲ್ಲಿ ನೀರಿನ ಪದರವಷ್ಟೇ ಉಳಿಯುತ್ತದೆ. ಇದಕ್ಕೆ ಪಾಲಿಮರ್ ಬೆರೆತ ಟೈಲ್ಸ್ ಅಂಟು ಬೇಕು. ಅದರ ಭಾರತೀಯ ಮಾನಕ ಐಎಸ್ 15477. ಅಂಟನ್ನು ಹಲ್ಲು ಕರಣೆಯಿಂದ ಪೂರ್ತಿ ಹರಡಬೇಕು. ಐದು ಕಡೆ ಮುದ್ದೆಯಿಟ್ಟು ಒತ್ತಿದರೆ ನಡುವೆ ಟೊಳ್ಳು ಉಳಿದು, ಭಾರದ ವಸ್ತು ಬಿದ್ದಾಗ ಅಲ್ಲೇ ಸೀಳುತ್ತದೆ. ನಾಣ್ಯದಿಂದ ತಟ್ಟಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಶಾಲೆಯ ವರಾಂಡದಲ್ಲೇ ತಟ್ಟಿಸಿ ನೋಡಬಹುದು.

ಪಾಠಯೋಜನೆಗೆ ಎರಡು ಮಾತು. 200 ಗ್ರಾಂ ವಿಟ್ರಿಫೈಡ್ ಚೂರು ಹೆಚ್ಚೆಂದರೆ 1 ಗ್ರಾಂ ಹೀರೀತು. ಅಡುಗೆಮನೆಯ ತಕ್ಕಡಿ ಅದನ್ನು ತೋರಿಸದಿದ್ದರೆ ಮಕ್ಕಳಿಂದ "ಸೊನ್ನೆ" ಎಂದು ಬರೆಸದೆ "1 ಗ್ರಾಂಗಿಂತ ಕಡಿಮೆ" ಎಂದು ಬರೆಸಿ. ಚೂರುಗಳ ಅಂಚನ್ನು ಮೊದಲೇ ಕಲ್ಲಿಗೆ ಉಜ್ಜಿಡಿ.