ಬಿಸಿಎಎ ಡಬ್ಬಿಗೆ ದುಡ್ಡು ಹಾಕುವ ಮುನ್ನ

ಕಳೆದ ತಿಂಗಳು ಚಿಕ್ಕಪ್ಪನ ಮಗ ಫೋನ್ ಮಾಡಿ, "ಅಣ್ಣಾ, ಜಿಮ್ ಟ್ರೇನರ್ ಬಿಸಿಎಎ ತಗೋ ಅಂತಿದಾರೆ, ತಗೊಳ್ಲಾ?" ಅಂತ ಕೇಳಿದ. ಹುಡುಗನಿಗೆ ಮೊದಲ ಕೆಲಸ, ಪಿಜಿ ವಾಸ. ದುಡ್ಡು ಹೊಂದಿಸೋಕೆ ಮೊಟ್ಟೆ, ಹಾಲು ನಿಲ್ಲಿಸಿದ್ದೀನಿ ಅಂದ. ನನಗೆ ತಲೆ ಕೆಟ್ಟಿದ್ದು ಅಲ್ಲೇ.

ಬಿಸಿಎಎ ಅಂದರೆ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೋ ಆಮ್ಲಗಳು. ಪ್ರೋಟೀನ್ ಕಟ್ಟಲು ಬೇಕಾದ 20 ಅಮೈನೋ ಆಮ್ಲಗಳಲ್ಲಿ 9ನ್ನು ನಮ್ಮ ದೇಹ ತಯಾರಿಸಿಕೊಳ್ಳಲಾರದು, ಅವು ಊಟದಿಂದಲೇ ಬರಬೇಕು. ಈ ಮೂರೂ ಆ 9ರಲ್ಲಿ ಸೇರಿವೆ.

ಹಾಗಂತ ಡಬ್ಬಿಯಲ್ಲಿ ಏನೂ ಇಲ್ಲ ಅಂತಲ್ಲ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪ್ರಯೋಗದಲ್ಲಿ, ತೂಕ ಎತ್ತಿದ ಮೇಲೆ 5.6 ಗ್ರಾಂ ಬಿಸಿಎಎ ಕುಡಿದ ಯುವಕರಲ್ಲಿ ಸ್ನಾಯು ಪ್ರೋಟೀನ್ ತಯಾರಿಕೆ 22% ಹೆಚ್ಚಿತ್ತು. ಆದರೆ ಅಳೆದಿದ್ದು 10 ಜನರಲ್ಲಿ, ಕೆಲವೇ ಗಂಟೆಗಳ ಬದಲಾವಣೆಯನ್ನು. ತಿಂಗಳುಗಟ್ಟಲೆ ಬೆಳೆದ ಸ್ನಾಯುವನ್ನಲ್ಲ.

ನಾನು ಸಿವಿಲ್ ಇಂಜಿನಿಯರಿಂಗ್ ಓದಿದವನು, ಸೈಟ್ ಭಾಷೆಯಲ್ಲೇ ಹೇಳ್ತೀನಿ. ಲ್ಯೂಸಿನ್ ಮೇಸ್ತ್ರಿ ಇದ್ದ ಹಾಗೆ. "ಶುರು ಮಾಡ್ರಪ್ಪಾ" ಅಂದರೆ ಕೆಲಸ ಶುರು. ಆದರೆ ಇಟ್ಟಿಗೆಯೇ ಇಲ್ಲದಿದ್ದರೆ ಗೋಡೆ ಏಳೋದು ಹೇಗೆ? ಉಳಿದ 6 ಅಗತ್ಯ ಅಮೈನೋ ಆಮ್ಲಗಳೂ ಬೇಕು. ಅವು ಊಟದಿಂದ ಬರದಿದ್ದರೆ, ದೇಹ ಇರುವ ಸ್ನಾಯುವನ್ನೇ ಒಡೆದು ತರುತ್ತದೆ. ಹಳೇ ಗೋಡೆ ಕೆಡವಿ ಹೊಸದು ಕಟ್ಟಿದಂತೆ. ಬರೀ ಬಿಸಿಎಎ ಕುಡಿದರೆ ಸ್ನಾಯು ಬೆಳೆಯುತ್ತದೆ ಎಂಬ ಮಾತಿಗೆ ಆಧಾರವಿಲ್ಲ ಅಂತ ಅಮೆರಿಕದ ವಿಜ್ಞಾನಿ ರಾಬರ್ಟ್ ವುಲ್ಫ್ 2017ರಲ್ಲೇ ಬರೆದಿದ್ದರು.

ಹಾಗಾದರೆ ಎಷ್ಟು ಪ್ರೋಟೀನ್ ಬೇಕು? 49 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯ ಪ್ರಕಾರ, ತೂಕ ಎತ್ತುವವರಿಗೆ ದೇಹತೂಕದ ಕೆಜಿಗೆ ದಿನಕ್ಕೆ ಸುಮಾರು 1.6 ಗ್ರಾಂ ಸಾಕು. ಅದರ ಮೇಲೆ ತಿಂದರೆ ಸರಾಸರಿಯಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ.

ತಮ್ಮನ ತೂಕ 65 ಕೆಜಿ. ಅಂದರೆ 104 ಗ್ರಾಂ. 4 ಮೊಟ್ಟೆ, ಅರ್ಧ ಲೀಟರ್ ಹಾಲು ಸೇರಿದರೆ ಸುಮಾರು 40 ಗ್ರಾಂ. 50 ಗ್ರಾಂ ಸೋಯಾ ಚಂಕ್ಸ್‌ನಲ್ಲಿ ಇನ್ನೊಂದು 25. ಉಳಿದದ್ದು ಬೇಳೆ, ಕಾಳು, ಮೊಸರು, ಚಪಾತಿಯಲ್ಲಿ ಬರುತ್ತೆ. ಇವುಗಳಲ್ಲೆಲ್ಲ ಡಬ್ಬಿಯ ಆ ಮೂರೂ ಇವೆ, ಜೊತೆಗೆ ಉಳಿದ ಆರೂ ಇವೆ. ಊಟದಲ್ಲಿ ಸಾಲದೇ ಹೋದರೆ ವೇ ಪ್ರೋಟೀನ್ ಆದರೂ ಪರವಾಗಿಲ್ಲ, ಅದರಲ್ಲಿ ಒಂಬತ್ತೂ ಇರುತ್ತವೆ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ.

ತಮ್ಮನಿಗೆ ಹೇಳಿದ್ದು ಇಷ್ಟೇ: "ಡಬ್ಬಿ ಬಿಡು. ನಾಳೆಯಿಂದ ಮೊಟ್ಟೆ ಶುರು ಮಾಡಪ್ಪಾ."